ಮದುವೆಗೆ ಮುನ್ನ ಕಲಿಯಬೇಕಾದ ಒಂದು ಲೆಕ್ಕ

ಮದುವೆ ನಿಶ್ಚಯವಾದ ಮನೆಯಲ್ಲಿ ಲೆಕ್ಕಗಳಿಗೆ ಕೊನೆಯಿರುವುದಿಲ್ಲ. ಬಂಗಾರ ಎಷ್ಟು, ಹಾಲ್‌ನ ಬಾಡಿಗೆ ಎಷ್ಟು, ಎಷ್ಟು ಕಿಲೋ ಅಕ್ಕಿಯ ಬಿರಿಯಾನಿ, ಎಷ್ಟು ಮಂದಿಗೆ ಕರೆಯೋಲೆ ಎಂದು ಮನೆಯವರೆಲ್ಲ ಕುಳಿತು ಕೂಡಿ ಕಳೆಯುತ್ತಾರೆ. ಮಹ್ರ್‌ನ ಮಾತನ್ನು ಮಾತ್ರ ಕೊನೆಯ ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ, ಅದು ಬೇರೆ ವಿಷಯ. ಆದರೆ ನಾಳೆ ದಂಪತಿಗಳಾಗಲಿರುವ ಇಬ್ಬರು ತಿಳಿದಿರಲೇಬೇಕಾದ ಒಂದು ಲೆಕ್ಕ ಇವುಗಳ ನಡುವೆ ಎಲ್ಲಿಯೂ ಕಾಣಿಸುವುದಿಲ್ಲ. ಅದನ್ನು ಹೇಳಿಕೊಡಬೇಕಾದ ತಾಯಿಗೆ ನಾಚಿಕೆ, ತಂದೆಗೆ ಸಂಕೋಚ. ಮಸೀದಿಯ ಖತೀಬರು ನಿಕಾಹ್‌ನ ಖುತ್ಬಾ ಓದುತ್ತಾರೆ, ದುಆ ಮಾಡುತ್ತಾರೆ. ಅಲ್ಲಿಗೆ ಮುಗಿಯಿತು.

ನಮ್ಮ ವಾರದ ಮಹಿಳಾ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿ ಒಂದು ದಿನ ಎಲ್ಲರೂ ಹೋದ ಮೇಲೆ ಹಿಂದೆ ಉಳಿದಳು. ನಿಕಾಹ್‌ಗೆ ಎರಡೂವರೆ ತಿಂಗಳಿತ್ತು. ಅವಳ ಅಕ್ಕನಿಗೆ ಮೊದಲ ಹೆರಿಗೆ ಸಿಜೇರಿಯನ್ ಆಗಿತ್ತು. ಗಾಯ ಮಾಗುವ ಮೊದಲೇ, ಐದನೆಯ ತಿಂಗಳಿಗೆ, ಮತ್ತೆ ಗರ್ಭ ನಿಂತಿತ್ತು. ಎರಡನೆಯ ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ನಾಲ್ಕು ಬಾಟಲಿ ರಕ್ತ ಕೊಟ್ಟ ಮೇಲೆ ಜೀವ ಉಳಿಯಿತು. ಆ ದಿನಗಳಲ್ಲಿ ಆಸ್ಪತ್ರೆಯ ವರಾಂಡದಲ್ಲಿ ದೊಡ್ಡ ಮಗುವನ್ನು ಎತ್ತಿಕೊಂಡು ನಿಂತಿದ್ದವಳು ಇವಳೇ.

"ಆಪಾ, ಬಾಜಿಗೆ ಆದದ್ದು ನನಗೆ ಆಗಬಾರದು. ಅಮ್ಮಿಯನ್ನು ಕೇಳಿದರೆ ಎಲ್ಲಾ ಅಲ್ಲಾಹನ ಇಚ್ಛೆ ಎನ್ನುತ್ತಾರೆ. ಮಾತ್ರೆ ನುಂಗಲು ನನಗೆ ಭಯ. ಬೇರೆ ದಾರಿ ಇದೆಯೇ? ಇದನ್ನು ಕೇಳುವುದು ಗುನಾಹ್ ಅಲ್ಲವಷ್ಟೆ?" ಎಂದಳು.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸೋಣ.

ಕೇಳುವುದು ನಾಚಿಕೆಗೇಡೇ?

ಅನ್ಸಾರ್ ಸ್ತ್ರೀಯರಿಗೆ ಧರ್ಮದ ತಿಳುವಳಿಕೆ ಪಡೆಯಲು ಲಜ್ಜೆ ಅಡ್ಡಿಯಾಗಲಿಲ್ಲವೆಂದು ಹ. ಆಯಿಶಾ(ರ) ಅವರನ್ನು ಪ್ರಶಂಸಿಸಿದ್ದರು. ಒಬ್ಬ ಮಹಿಳೆ ಮುಟ್ಟಿನ ನಂತರದ ಸ್ನಾನದ ಬಗ್ಗೆ ಪ್ರವಾದಿವರ್ಯರ(ಸ) ಬಳಿ ಕೇಳಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ಕಸ್ತೂರಿ ಹಚ್ಚಿದ ಬಟ್ಟೆಯ ತುಂಡಿನಿಂದ ಶುಚಿಗೊಳಿಸಿಕೊಳ್ಳಲು ಅವರು ಹೇಳಿದರು. ಆಕೆಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದಳು. ಪ್ರವಾದಿವರ್ಯರು(ಸ) ಸಂಕೋಚಪಟ್ಟರು. ಆಗ ಹ. ಆಯಿಶಾ(ರ) ಆಕೆಯನ್ನು ತನ್ನ ಕಡೆಗೆ ಎಳೆದುಕೊಂಡು, ಬಿಡಿಸಿ ಹೇಳಿದರು. ಲಜ್ಜೆಯೂ ಉಳಿಯಿತು, ಕಲಿಕೆಯೂ ನಡೆಯಿತು. ಹೆಣ್ಣುಮಕ್ಕಳಿಗೆ ಇಂತಹ ವಿಷಯವನ್ನು ಹೇಳಿಕೊಡಬೇಕಾದವರು ಯಾರು, ಹೇಗೆ ಎಂಬುದಕ್ಕೆ ಈ ಒಂದು ಪ್ರಸಂಗವೇ ನಮಗೆ ಸಾಕು.

ಗರ್ಭವನ್ನು ಮುಂದೂಡುವುದು ಶರೀಅತ್‌ನಲ್ಲಿ ಅನುಮತಿಯುಳ್ಳದ್ದೇ ಎಂಬುದು ಅವಳ ಪ್ರಶ್ನೆಯೊಳಗಿನ ಇನ್ನೊಂದು ಪ್ರಶ್ನೆ. ಪ್ರವಾದಿವರ್ಯರ(ಸ) ಕಾಲದಲ್ಲಿ 'ಅಝ್ಲ್', ಅಂದರೆ ಗರ್ಭ ನಿಲ್ಲದಿರಲೆಂದು ವೀರ್ಯವನ್ನು ಹೊರಬಿಡುವ ಕ್ರಮ, ರೂಢಿಯಲ್ಲಿತ್ತು. ಕುರ್‌ಆನ್ ಅವತೀರ್ಣವಾಗುತ್ತಿದ್ದ ಕಾಲದಲ್ಲೇ ತಾವು ಹಾಗೆ ಮಾಡುತ್ತಿದ್ದುದಾಗಿಯೂ ಅದರ ಸುದ್ದಿ ಪ್ರವಾದಿವರ್ಯರಿಗೆ(ಸ) ತಲುಪಿದರೂ ಅವರು ತಡೆಯಲಿಲ್ಲವೆಂದೂ ಹ. ಜಾಬಿರ್(ರ) ತಿಳಿಸಿದ್ದಾರೆ. ಹುಟ್ಟಬೇಕೆಂದು ಅಲ್ಲಾಹನು ವಿಧಿಸಿದ ಜೀವ ಹುಟ್ಟಿಯೇ ತೀರುವುದೆಂದು ಪ್ರವಾದಿವರ್ಯರು(ಸ) ನೆನಪಿಸಿದ್ದು ಹ. ಅಬೂ ಸಈದ್ ಅಲ್ ಖುದ್ರಿ(ರ) ಅವರ ವರದಿಯಲ್ಲಿದೆ. ಹ. ಜುದಾಮಾ(ರ) ಅವರ ವರದಿಯೊಂದರಲ್ಲಿ ಅಝ್ಲ್‌ನ ಬಗ್ಗೆ ಕಠಿಣ ಮಾತಿದೆ. ಅದನ್ನು ಸಂಪೂರ್ಣ ನಿಷೇಧವೆಂದಲ್ಲ, ಇಷ್ಟವಿಲ್ಲದಿರುವಿಕೆ ಎಂದು ಹೆಚ್ಚಿನ ವಿದ್ವಾಂಸರು ವಿವರಿಸಿದ್ದಾರೆ. ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ಇದನ್ನು ದೀರ್ಘವಾಗಿ ಚರ್ಚಿಸಿ, ಹೆರಿಗೆಯ ಅಪಾಯದಿಂದ ಪತ್ನಿಯ ಜೀವ ಕಾಪಾಡುವುದನ್ನು ಒಪ್ಪತಕ್ಕ ಉದ್ದೇಶಗಳಲ್ಲಿ ಸೇರಿಸಿದ್ದಾರೆ. ಹೆಣ್ಣು ಮಗು ಹುಟ್ಟೀತೆಂಬ ಭಯದಿಂದ ಹಾಗೆ ಮಾಡುವುದನ್ನು ಕೆಟ್ಟ ಉದ್ದೇಶವೆಂದಿದ್ದಾರೆ. ಒಂಬತ್ತು ಶತಮಾನಗಳ ಹಿಂದೆ ಬರೆದ ಈ ಮಾತನ್ನು ಸ್ಕ್ಯಾನಿಂಗ್ ಸೆಂಟರ್‌ಗಳ ಈ ಕಾಲದಲ್ಲಿ ಓದುವಾಗ ಮನಸ್ಸು ಕಲಕುತ್ತದೆ.

ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದೆಂಬ ಆಜ್ಞೆ ಪವಿತ್ರ ಕುರ್‌ಆನಿನ 6:151 ಮತ್ತು 17:31ರಲ್ಲಿದೆ. ಅದು ಹುಟ್ಟಿದ ಮಗುವಿನ ಕೊಲೆಯ ಕುರಿತಾದದ್ದು. ಗರ್ಭವೇ ನಿಲ್ಲದ ದಿನವನ್ನು ಆರಿಸಿಕೊಳ್ಳುವವರ ಮೇಲೆ ಅದನ್ನು ಹೊರಿಸುವುದು ನ್ಯಾಯವಲ್ಲ.

'ಕುಟುಂಬ ಯೋಜನೆ' ಎಂಬ ಶಬ್ದ ಕೇಳಿದೊಡನೆ ನಮ್ಮ ಹಿರಿಯರ ಮುಖ ಬಿಗಿಯುವುದಕ್ಕೆ ಕಾರಣವಿದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಬಲವಂತವಾಗಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ನೆನಪು ಅವರಿಗಿದೆ. ಮೌಲಾನಾ ಮೌದೂದಿಯವರಂತಹ ವಿದ್ವಾಂಸರು ಸಂತಾನ ನಿಯಂತ್ರಣವನ್ನು ಒಂದು ಸಾಮಾಜಿಕ ಚಳವಳಿಯೆಂಬ ನೆಲೆಯಲ್ಲಿ ಬಲವಾಗಿ ವಿರೋಧಿಸಿದ್ದಾರೆ. ಅಝ್‌ಹರ್‌ನ ಶೈಖ್ ಮಹ್ಮೂದ್ ಶಲ್ತೂತ್‌ರೂ ಅದನ್ನು ಎಲ್ಲರ ಮೇಲೆ ಹೇರುವ ಕಾನೂನನ್ನು ಒಪ್ಪಲಿಲ್ಲ. ಆದರೆ ತಾಯಿಯ ಆರೋಗ್ಯಕ್ಕಾಗಿ ಎರಡು ಹೆರಿಗೆಗಳ ನಡುವೆ ಅಂತರವಿಡುವುದನ್ನು ಒಪ್ಪಿದರು. ಇಲ್ಲಿ ನಾವು ಮಾತನಾಡುತ್ತಿರುವುದು ಈ ಅಂತರದ ಬಗ್ಗೆ ಮಾತ್ರ. ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯುವುದು ತಾಯಿ ಮತ್ತು ಮಗುವಿಗೆ ಒಳ್ಳೆಯದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಲುಣಿಸುವುದಕ್ಕೆ ಪವಿತ್ರ ಕುರ್‌ಆನ್ 2:233ರಲ್ಲಿ ಹೇಳಿರುವ ಪೂರ್ಣ ಅವಧಿಯೂ ಎರಡು ವರ್ಷ. ಇವೆರಡೂ ಒಂದೇ ಆಜ್ಞೆ ಎಂದು ನಾನು ಹೇಳುವುದಿಲ್ಲ. ಹತ್ತಿರ ಹತ್ತಿರ ನಿಲ್ಲುತ್ತವೆ ಎಂಬುದನ್ನು ಮಾತ್ರ ಓದುಗರ ಗಮನಕ್ಕೆ ತರುತ್ತೇನೆ.

ದೇಹದ ಕ್ಯಾಲೆಂಡರ್

ಈಗ ಲೆಕ್ಕಕ್ಕೆ ಬರೋಣ. ಹೆಣ್ಣಿನ ದೇಹದಲ್ಲಿ ಪ್ರತಿ ತಿಂಗಳೂ ಸಾಮಾನ್ಯವಾಗಿ ಒಂದು ಅಂಡ ಬಿಡುಗಡೆಯಾಗುತ್ತದೆ. ಅದರ ಆಯಸ್ಸು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ. ಪುರುಷನ ವೀರ್ಯಾಣು ಮಾತ್ರ ಅನುಕೂಲ ವಾತಾವರಣ ಸಿಕ್ಕಿದರೆ ಐದು ದಿನ ಬದುಕಬಲ್ಲದು. ಆದುದರಿಂದ ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಿಗೆ ಸುಮಾರು ಆರು: ಅಂಡ ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಕಷ್ಟವಿರುವುದು ಆ ಆರು ದಿನಗಳು ಯಾವುವು ಎಂದು ಮುಂಚಿತವಾಗಿ ತಿಳಿಯುವುದರಲ್ಲಿ. ಜಪಾನಿನ ಒಗಿನೊ ಮತ್ತು ಆಸ್ಟ್ರಿಯಾದ ಕ್ನಾವ್ಸ್ ಎಂಬ ಇಬ್ಬರು ವೈದ್ಯರು 1920ರ ದಶಕದಲ್ಲಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಒಂದು ಸಂಗತಿಯನ್ನು ಕಂಡುಕೊಂಡರು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಹಿಂದಿನ ಮುಟ್ಟು ಮುಗಿದು ಇಂತಿಷ್ಟು ದಿನಕ್ಕೆ ಎಂಬ ನಿಯಮ ಇದಕ್ಕಿಲ್ಲ. 'ಹದಿನಾಲ್ಕನೆಯ ದಿನ ಮಾತ್ರ ಎಚ್ಚರವಿದ್ದರೆ ಸಾಕು' ಎಂದು ಗೆಳತಿಯರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಎಷ್ಟು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಕನಿಷ್ಠ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನು ಬರೆದಿಟ್ಟಿರಬೇಕು. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಹಿಂದಿನ ದಿನದವರೆಗೆ ಒಂದು ಚಕ್ರ. ನಮ್ಮ ಹುಡುಗಿಯ ಡೈರಿಯಲ್ಲಿ ಆರು ಚಕ್ರಗಳು ಹೀಗಿದ್ದವು: 27, 29, 28, 31, 28, 30 ದಿನ. ಅತಿ ಚಿಕ್ಕದರಿಂದ 18 ಕಳೆಯಬೇಕು: 27ರಿಂದ 18 ಹೋದರೆ 9. ಅತಿ ದೊಡ್ಡದರಿಂದ 11 ಕಳೆಯಬೇಕು: 31ರಿಂದ 11 ಹೋದರೆ 20. ಅವಳಿಗೆ ಒಂಬತ್ತನೆಯ ದಿನದಿಂದ ಇಪ್ಪತ್ತನೆಯ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆಯಿದೆ. ಆರು ದಿನಕ್ಕಾಗಿ ಹನ್ನೆರಡು ದಿನ ಕಾಯುವುದೇಕೆ ಎಂದರೆ, ಆ ಆರು ದಿನಗಳು ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ.

"ಡೈರಿ ಏಕೆ ಇಟ್ಟಿದ್ದೆ?" ಎಂದು ಕೇಳಿದೆ. "ರಮಝಾನಿನಲ್ಲಿ ಬಿಟ್ಟ ಉಪವಾಸಗಳ ಖಝಾಗಾಗಿ ಆಪಾ" ಎಂದಳು. ನೋಡಿ, ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೊಸದೇನೂ ಅಲ್ಲ. ನಮಾಝ್, ಉಪವಾಸ, ಇದ್ದತ್ ಎಲ್ಲಕ್ಕೂ ಮುಟ್ಟಿನ ದಿನಗಳನ್ನು ಗಮನಿಸಲೇಬೇಕು. ಮುಟ್ಟಿನ ಕನಿಷ್ಠ ಅವಧಿ ಮೂರು ದಿನ, ಗರಿಷ್ಠ ಹತ್ತು ದಿನವೆಂದು ಹನಫೀಗಳೂ, ಕನಿಷ್ಠ ಒಂದು ಹಗಲು ರಾತ್ರಿ, ಗರಿಷ್ಠ ಹದಿನೈದು ದಿನವೆಂದು ಶಾಫಿಈಗಳೂ ಮದ್ರಸದಲ್ಲಿ ಕಲಿಯುತ್ತಾರೆ. ಆದರೆ ಇದೇ ಅಭ್ಯಾಸದಿಂದ ಒಂದು ತಪ್ಪೂ ಆಗುತ್ತದೆ. ನಮಾಝ್ ಮತ್ತೆ ಆರಂಭವಾಗುವುದು ಗುಸ್ಲ್‌ನ ನಂತರ. ಹಾಗಾಗಿ ಹಲವರು ಸ್ನಾನದ ದಿನವನ್ನೇ ಒಂದನೆಯ ದಿನವೆಂದು ಎಣಿಸುತ್ತಾರೆ. ಇಲ್ಲಿ ಎಣಿಕೆ ರಕ್ತ ಕಂಡ ಮೊದಲ ದಿನದಿಂದಲೇ. ಆರು ದಿನ ತಡವಾಗಿ ಎಣಿಕೆ ಶುರು ಮಾಡಿದವಳು ಅತ್ಯಂತ ಅಪಾಯದ ದಿನಗಳನ್ನೇ ಸುರಕ್ಷಿತವೆಂದು ತಿಳಿಯುತ್ತಾಳೆ.

ಲೆಕ್ಕದ ಜೊತೆಗೆ ದೇಹವೇ ಕೊಡುವ ಎರಡು ಸೂಚನೆಗಳಿವೆ. ಒಂದು, ಗರ್ಭಕಂಠದಿಂದ ಬರುವ ಲೋಳೆ. ಆಸ್ಟ್ರೇಲಿಯಾದ ಬಿಲ್ಲಿಂಗ್ಸ್ ಎಂಬ ವೈದ್ಯ ದಂಪತಿಗಳು ದಶಕಗಳ ಕಾಲ ಅಭ್ಯಸಿಸಿ ಪ್ರಚಾರ ಮಾಡಿದ ವಿಧಾನವಿದು. ಮುಟ್ಟಿನ ನಂತರ ಕೆಲವು ದಿನ ಒಣಗಿದಂತಿರುತ್ತದೆ. ಬಳಿಕ ಅಂಟಂಟಾದ ಸ್ರಾವ ಕಾಣಿಸುತ್ತದೆ. ಅಂಡ ಬಿಡುಗಡೆ ಸಮೀಪಿಸಿದಂತೆ ಅದು ಹಸಿ ಮೊಟ್ಟೆಯ ಬಿಳಿ ಭಾಗದಂತೆ ತಿಳಿಯಾಗಿ, ಜಾರುವಂತೆ, ಎಳೆದರೆ ಎಳೆಯಾಗಿ ಬರುತ್ತದೆ. ಸ್ರಾವ ಕಂಡ ದಿನದಿಂದ ಆ ತಿಳಿ ಲೋಳೆ ಕೊನೆಯ ಬಾರಿ ಕಾಣಿಸಿದ ನಂತರದ ಮೂರು ದಿನಗಳು ಮುಗಿಯುವವರೆಗೂ ಗರ್ಭ ನಿಲ್ಲಬಹುದು. ಇಲ್ಲೊಂದು ಎಚ್ಚರಿಕೆ. ಮುಟ್ಟು ಮುಗಿಯುವಾಗ ಕಾಣುವ ಬಿಳಿಯ ಸ್ರಾವದ ಬಗ್ಗೆ ಹ. ಆಯಿಶಾ(ರ) ಸ್ತ್ರೀಯರಿಗೆ ಹೇಳಿದ್ದರು. ಹಳದಿ ಬಣ್ಣ ಹೋಗಿ ಬಿಳುಪು ಕಾಣುವವರೆಗೆ ಸ್ನಾನಕ್ಕೆ ಆತುರಪಡಬಾರದೆಂದು ಅವರು ತಿಳಿಸಿದ್ದು ನಮ್ಮ ಹಿರಿಯ ಹೆಂಗಸರಿಗೆ ಗೊತ್ತು. ಅದು ಬೇರೆ, ತಿಂಗಳ ನಡುವಿನ ಈ ಲೋಳೆ ಬೇರೆ. ತುರಿಕೆ, ದುರ್ವಾಸನೆ ಇರುವ ಬಿಳುಪು ಇನ್ನೂ ಬೇರೆ, ಅದು ರೋಗ. ನಾಚಿಕೆಪಡದೆ ವೈದ್ಯೆಯ ಬಳಿಗೆ ಹೋಗಬೇಕು.

ಎರಡನೆಯದು ದೇಹದ ಉಷ್ಣತೆ. ಬೆಳಗ್ಗೆ ಎಚ್ಚರವಾದ ಕೂಡಲೇ, ಹಾಸಿಗೆ ಬಿಟ್ಟೇಳುವ ಮೊದಲು ಅಳೆದರೆ, ಅಂಡ ಬಿಡುಗಡೆಯಾದ ಮೇಲೆ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕಡಿಮೆಯಷ್ಟು ಏರಿ, ಮುಂದಿನ ಮುಟ್ಟಿನವರೆಗೆ ಹಾಗೆಯೇ ನಿಲ್ಲುತ್ತದೆ. ಸತತ ಮೂರು ದಿನ ಏರಿದ ಮಟ್ಟದಲ್ಲಿ ನಿಂತಿತೆಂದರೆ ಆ ತಿಂಗಳ ಅಂಡದ ಕಾಲ ಮುಗಿಯಿತೆಂದು ತಿಳಿಯಬಹುದು. ದಶಮಾಂಶದ ಎರಡು ಸ್ಥಾನ ತೋರಿಸುವ ಥರ್ಮಾಮೀಟರ್ ಬೇಕು. ಪ್ರತಿದಿನ ಒಂದೇ ಹೊತ್ತಿಗೆ ಅಳೆಯಬೇಕೆಂಬುದು ಹಲವರಿಗೆ ಕಷ್ಟವೆನಿಸುತ್ತದೆ. ಫಜ್ರ್‌ಗೆ ಏಳುವ ಮನೆಗಳಿಗೆ ಅಷ್ಟು ಕಷ್ಟವಿಲ್ಲ. ಜ್ವರ ಬಂದ ದಿನ, ಮಗು ರಾತ್ರಿಯಿಡೀ ಎಬ್ಬಿಸಿದ ದಿನದ ಅಳತೆಯನ್ನು ನಂಬಬಾರದು.

ರಾಮನಗರದ ಮಣಿಮಾಲೆ

ಈ ವಿಧಾನಕ್ಕೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. 1951ರಲ್ಲಿ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಅವರನ್ನು ಭಾರತಕ್ಕೆ ಕಳುಹಿಸಿತು. ದಿನಗಳ ಲೆಕ್ಕದ ವಿಧಾನವನ್ನು ಪ್ರಯೋಗಿಸಿ ನೋಡಲು ಆಯ್ದ ಸ್ಥಳಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ. ಇನ್ನೊಂದು ಆಗಿನ ಮೈಸೂರು ರಾಜ್ಯದ ರಾಮನಗರಂ, ನಮ್ಮ ರೇಷ್ಮೆಯ ರಾಮನಗರ. ಓದು ಬಾರದ ಹೆಂಗಸರಿಗೆ ಅನುಕೂಲವಾಗಲೆಂದು ಬೇರೆ ಬೇರೆ ಬಣ್ಣದ ಮಣಿಗಳ ಮಾಲೆಯನ್ನು ಮಾಡಿಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಕೈಗೆ ಬಂದ ಮಣಿಯ ಬಣ್ಣ ನೋಡಿ, ಅಂದು ಸೇರಬಹುದೇ ಬಾರದೇ ಎಂದು ತಿಳಿಯಬೇಕು.

ಯೋಜನೆ ಫಲಿಸಲಿಲ್ಲ. ಕತ್ತಲಲ್ಲಿ ಬಣ್ಣ ಕಾಣುತ್ತಿರಲಿಲ್ಲ. ಮುಟ್ಟಿ ಗುರುತಿಸುವಂತೆ ಮಣಿಗಳ ಆಕಾರ ಬದಲಿಸಿದರು. ಮಣಿಯನ್ನು ಹಿಂದು ಮುಂದಾಗಿ ಸರಿಸಿದವರಿದ್ದರು. ಹಾಗಾಗದಂತೆ ಕೊಂಡಿ ಹಾಕಿದರು. ಕೊನೆಗೂ ಬಿಡದೆ ಮುಂದುವರಿಸಿದವರು ಕೆಲವರೇ. ಇದನ್ನು ಹಳ್ಳಿಯ ಹೆಂಗಸರ ದಡ್ಡತನವೆಂದು ನಗುತ್ತಾ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಣಿ ಇದ್ದದ್ದು ಹೆಣ್ಣಿನ ಕೊರಳಲ್ಲಿ. ಆ ರಾತ್ರಿಯ ತೀರ್ಮಾನ ಅವಳೊಬ್ಬಳ ಕೈಯಲ್ಲಿರಲಿಲ್ಲ.

ಮಾಲೆಯ ಆಲೋಚನೆ ಅಲ್ಲಿಗೆ ಸಾಯಲಿಲ್ಲ. ಸುಮಾರು ಅರ್ಧ ಶತಮಾನದ ಬಳಿಕ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದವರು 32 ಮಣಿಗಳ ಮಾಲೆಯೊಂದನ್ನು ರೂಪಿಸಿದರು. ಚಕ್ರ ಯಾವಾಗಲೂ 26ರಿಂದ 32 ದಿನಗಳೊಳಗಿರುವ ಹೆಂಗಸರಿಗೆ ಮಾತ್ರ ಅದು. ಅವರಿಗೆ ಎಂಟರಿಂದ ಹತ್ತೊಂಬತ್ತನೆಯ ದಿನದವರೆಗೆ ಎಚ್ಚರ ಬೇಕು. 2002ರಲ್ಲಿ ಪ್ರಕಟವಾದ ಅದರ ಅಧ್ಯಯನದ ಪ್ರಕಾರ, ನಿಯಮವನ್ನು ತಪ್ಪದೆ ಪಾಲಿಸಿದ ನೂರು ಮಂದಿಯಲ್ಲಿ ವರ್ಷಕ್ಕೆ ಸುಮಾರು ಐವರಿಗೆ ಗರ್ಭ ನಿಂತಿತು. ಅಲ್ಲಲ್ಲಿ ತಪ್ಪಿದವರನ್ನೂ ಸೇರಿಸಿದರೆ ಹನ್ನೆರಡು. ಮಾಲೆ ಅದೇ, ಮಣಿ ಅದೇ. ಐದು ಹನ್ನೆರಡಾಗುವುದು ದಂಪತಿಗಳ ಸಹನೆ ತಪ್ಪಿದಲ್ಲಿ.

ಗಂಡಸಿನ ಪಾಲು

ಆದುದರಿಂದ ಈ ಪಾಠವನ್ನು ವಧುವಿಗೆ ಮಾತ್ರ ಹೇಳಿದರೆ ಅರ್ಧವೂ ಹೇಳಿದಂತಾಗುವುದಿಲ್ಲ. ಎಣಿಸುವ ಹೊಣೆ ಅವಳದು, ಕಾಯುವ ಹೊಣೆ ಅವನದು. ನಮ್ಮ ಹುಡುಗಿಯ ಲೆಕ್ಕವನ್ನೇ ಮತ್ತೆ ತೆಗೆದುಕೊಳ್ಳಿ. ಮುಟ್ಟಿನ ಆರು ದಿನ ದಾಂಪತ್ಯ ಸಂಬಂಧ ನಿಷಿದ್ಧ, ಅದು 2:222ರ ಆಜ್ಞೆ. ಒಂಬತ್ತರಿಂದ ಇಪ್ಪತ್ತರವರೆಗೆ ಹನ್ನೆರಡು ದಿನ ಎಚ್ಚರದ ದಿನಗಳು. ಒಟ್ಟು ಹದಿನೆಂಟಾಯಿತು. ಸುಮಾರು ಇಪ್ಪತ್ತೊಂಬತ್ತು ದಿನಗಳ ಚಕ್ರದಲ್ಲಿ ಉಳಿದದ್ದು ಹನ್ನೊಂದು ದಿನ. ಬೇರೆ ಸಮುದಾಯದವರಿಗಾಗಿ ಬರೆದ ಪುಸ್ತಕಗಳಲ್ಲಿ ಈ ಹದಿನೆಂಟರ ಲೆಕ್ಕ ಸಿಗುವುದಿಲ್ಲ. ಹೊಸದಾಗಿ ಮದುವೆಯಾದ ಯುವಕನಿಗೆ ಇದನ್ನು ಮೊದಲೇ ಹೇಳದೆ, ಆ ರಾತ್ರಿ ಹೆಂಡತಿಯ ಬಾಯಿಂದ 'ಇಂದು ಬೇಡ' ಎನ್ನಿಸಿದರೆ ಏನಾಗುತ್ತದೆ? ಅವನು ಅದನ್ನು ತಿರಸ್ಕಾರವೆಂದು ತಿಳಿಯುತ್ತಾನೆ. ಪತಿ ಕರೆದಾಗ ಬಾರದ ಪತ್ನಿಯ ಕುರಿತ ಹದೀಸನ್ನು ಅವಳಿಗೆ ಕೇಳಿಸುತ್ತಾನೆ. ಅವಳು ಹೆದರಿ ಸುಮ್ಮನಾಗುತ್ತಾಳೆ. ಡೈರಿ ಪೆಟ್ಟಿಗೆಯ ಅಡಿಗೆ ಹೋಗುತ್ತದೆ.

ಮಗುವಿಗೆ ಹಾಲು ಬಿಡಿಸುವ ನಿರ್ಧಾರವನ್ನೂ ತಂದೆ ತಾಯಿ ಪರಸ್ಪರ ಒಪ್ಪಿಗೆಯಿಂದ, ಸಮಾಲೋಚಿಸಿ ಕೈಗೊಳ್ಳಬೇಕೆಂಬುದು ಮೇಲೆ ಹೇಳಿದ 2:233ರಲ್ಲಿಯೇ ಇದೆ. ಹುಟ್ಟಿದ ಮಗುವಿನ ಹಾಲಿಗೆ ಇಬ್ಬರ ಸಮಾಲೋಚನೆ ಬೇಕಾದರೆ, ಹುಟ್ಟಬೇಕಾದ ಮಗುವಿನ ಕಾಲಕ್ಕೆ ಬೇಡವೇ? ಪತ್ನಿಯ ಒಪ್ಪಿಗೆಯಿಲ್ಲದೆ ಅಝ್ಲ್ ಮಾಡಬಾರದೆಂದು ಹನಫೀ ವಿದ್ವಾಂಸರು ಹೇಳಿರುವುದೂ ಗಮನಾರ್ಹ. ಸಂತಾನದಲ್ಲಿ ಅವಳಿಗೂ ಹಕ್ಕಿದೆ.

ನಮಗೂ ಕ್ರೈಸ್ತ ಸಹೋದರರಿಗೂ ಇಲ್ಲಿ ಒಂದು ವ್ಯತ್ಯಾಸವಿದೆ. ಕೆಥೊಲಿಕ್ ಸಭೆ ಮದುವೆಗೆ ಮೊದಲು ವಧೂವರರಿಗೆ ತರಗತಿ ನಡೆಸಿ ಈ ಸಹಜ ವಿಧಾನವನ್ನು ಪರಿಚಯಿಸುತ್ತದೆ. 1968ರಲ್ಲಿ ಪೋಪ್ ಆರನೆಯ ಪೌಲರು ಹೊರಡಿಸಿದ ಪತ್ರದ ನಂತರವೂ ಅಂತರವಿಡಲು ಅವರಿಗೆ ಒಪ್ಪಿತವಾದ ಮಾರ್ಗ ಇದೊಂದೇ. ನಮಗೆ ಹಾಗಿಲ್ಲ. ಎಚ್ಚರದ ದಿನಗಳಲ್ಲಿ ಇಬ್ಬರ ಒಪ್ಪಿಗೆಯಿಂದ ಅಝ್ಲ್ ಅಥವಾ ನಿರೋಧ್ ಬಳಸುವುದನ್ನು ಬಹುಪಾಲು ವಿದ್ವಾಂಸರು ಅನುಮತಿಸಿದ್ದಾರೆ. ಆದರೆ ಹಾಗೆ ಮಾಡುವವರು ಒಂದನ್ನು ತಿಳಿದಿರಬೇಕು. ಆ ದಿನಗಳಲ್ಲಿ ಅವರನ್ನು ಕಾಯುವುದು ಲೆಕ್ಕವಲ್ಲ, ಆ ಉಪಾಯ ಮಾತ್ರ. ಅದರಲ್ಲಿಯೂ ಅಝ್ಲ್ ಬಹಳ ದುರ್ಬಲವಾದುದು. ಅವರ ತರಗತಿಯಿಂದ ನಾವು ಕಲಿಯಬೇಕಾದದ್ದು ಮಾತ್ರ ಇದೆ: ಮದುವೆಗೆ ಮೊದಲೇ, ಇಬ್ಬರಿಗೂ. ಮಲೇಷ್ಯಾದಲ್ಲಿ ನಿಕಾಹ್‌ಗೆ ಮುನ್ನ ಮುಸ್ಲಿಮ್ ವಧೂವರರು ತರಬೇತಿಗೆ ಹಾಜರಾಗಬೇಕೆಂಬ ನಿಯಮವಿದೆ. ನಮ್ಮ ಜಮಾಅತ್‌ಗಳು ನಿಕಾಹ್ ದಫ್ತರಕ್ಕೆ ಶುಲ್ಕ ವಸೂಲು ಮಾಡಲು ಮರೆಯುವುದಿಲ್ಲ. ಒಂದು ಭಾನುವಾರ ಎರಡು ಗಂಟೆ ತರಗತಿ ಇಡುವುದು ಅಷ್ಟು ಕಷ್ಟವೇ?

ನಿಶ್ಚಿತಾರ್ಥವಾದ ಮಾತ್ರಕ್ಕೆ ಹುಡುಗ ಹುಡುಗಿ ದಂಪತಿಗಳಾಗುವುದಿಲ್ಲ. ಅವರಿಬ್ಬರನ್ನು ಎದುರು ಬದುರು ಕೂರಿಸಿ ಈ ಪಾಠ ಹೇಳಬೇಕೆಂದು ನಾನು ಹೇಳುತ್ತಿಲ್ಲ. ಹುಡುಗಿಗೆ ವೈದ್ಯೆಯೋ, ದಾದಿಯೋ, ತಿಳಿದ ಹಿರಿಯ ಮಹಿಳೆಯೋ ಹೇಳಲಿ. ಹುಡುಗನಿಗೆ ವೈದ್ಯರೊಬ್ಬರು ಹೇಳಲಿ, ಖತೀಬರು ಪಕ್ಕದಲ್ಲಿರಲಿ. ಎಷ್ಟು ದಿನ ಅಂತರ, ಯಾವ ವಿಧಾನ ಎಂಬ ಮಾತು ನಿಕಾಹ್ ಆದ ಮೇಲೆ ಅವರಿಬ್ಬರ ನಡುವೆ ನಡೆಯಲಿ. ನಿಕಾಹ್‌ಗೆ ಆರು ತಿಂಗಳ ಮೊದಲಿನಿಂದ ದಿನಾಂಕ ಬರೆದಿಡುವ ಕೆಲಸ ಮಾತ್ರ ಹುಡುಗಿಯದು. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ಹಾಲುಣಿಸುವ ತಿಂಗಳುಗಳು

ಹುಡುಗಿಯ ಅಕ್ಕನ ಮನೆಯಲ್ಲಿ ನಂಬಿದ್ದ ಮಾತೊಂದಿತ್ತು: ಹಾಲುಣಿಸುವಾಗ ಗರ್ಭ ನಿಲ್ಲುವುದಿಲ್ಲ. ಈ ಮಾತು ಅರ್ಧ ಸತ್ಯ. 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿದ ತಜ್ಞರು ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಮಗುವಿಗೆ ಆರು ತಿಂಗಳು ತುಂಬಿರಬಾರದು, ಮುಟ್ಟು ಮರಳಿರಬಾರದು, ಮಗು ಹಗಲೂ ರಾತ್ರಿಯೂ ಪೂರ್ತಿಯಾಗಿ ಅಥವಾ ಹೆಚ್ಚು ಕಡಿಮೆ ಪೂರ್ತಿಯಾಗಿ ಎದೆಹಾಲನ್ನೇ ಕುಡಿಯುತ್ತಿರಬೇಕು. ಈ ಮೂರೂ ಇದ್ದರೆ ನೂರರಲ್ಲಿ 98ಕ್ಕಿಂತ ಹೆಚ್ಚು ತಾಯಂದಿರಿಗೆ ಗರ್ಭ ನಿಲ್ಲುವುದಿಲ್ಲ. ಒಂದು ತಪ್ಪಿದರೂ ಆ ಭರವಸೆ ಇಲ್ಲ. ಹುಟ್ಟಿದ ದಿನ ತಹ್ನೀಕ್‌ಗೆ ಸವರುವ ಖರ್ಜೂರದಿಂದ ಏನೂ ಆಗದು. ಆದರೆ ದಿನವೂ ಘುಟ್ಟಿ, ರಾತ್ರಿ ಮಗು ಅಳದಿರಲೆಂದು ಬಾಟಲಿ ಹಾಲು ಕೊಡುವ ಮನೆಯಲ್ಲಿ ಎರಡನೆಯ ತಿಂಗಳಿಗೇ ಈ ರಕ್ಷಣೆ ಹೋಗಿರಬಹುದು. ಅಕ್ಕನ ಮನೆಯಲ್ಲಿ ಆದದ್ದೂ ಅದೇ. ಸಿಜೇರಿಯನ್ ಆದವಳಿಗೆ ಹಾಲು ಸಾಲದೆಂದು ಮೊದಲ ವಾರದಿಂದಲೇ ಬಾಟಲಿ ಬಂದಿತ್ತು. ಮುಟ್ಟು ಇನ್ನೂ ಬಂದಿಲ್ಲವಲ್ಲ ಎಂದು ಅವಳು ನಿಶ್ಚಿಂತಳಾಗಿದ್ದಳು. ಮೊದಲ ಮುಟ್ಟಿಗೆ ಹದಿನಾಲ್ಕು ದಿನ ಮುಂಚೆಯೇ ಅಂಡ ಬಂದುಹೋಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹಾಲುಣಿಸುವ ಕಾಲದ ದಾಂಪತ್ಯದ ಬಗ್ಗೆ ಅರಬರಲ್ಲಿಯೂ ಭಯವಿತ್ತು. ಅದು ಮಗುವಿಗೆ ಹಾನಿಯೆಂದು ತಿಳಿದಿದ್ದರು. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಲು ಯೋಚಿಸಿದ್ದರು. ಆದರೆ ರೋಮನರೂ ಪರ್ಶಿಯನರೂ ಹಾಗೆ ಮಾಡುತ್ತಿದ್ದು ಅವರ ಮಕ್ಕಳಿಗೆ ಹಾನಿಯಾಗದಿರುವುದನ್ನು ಗಮನಿಸಿ ನಿಷೇಧಿಸಲಿಲ್ಲ. ಇದೂ ಹ. ಜುದಾಮಾ(ರ) ಅವರದೇ ವರದಿ. ಅನ್ಯ ಜನರ ಅನುಭವವನ್ನು ನೋಡಿ ತೀರ್ಮಾನಿಸಿದ ಈ ರೀತಿಯನ್ನು, ವೈದ್ಯರ ಮಾತಿಗೆ ಕಿವಿಗೊಡಲು ಹಿಂಜರಿಯುವ ನಮ್ಮವರು ಗಮನಿಸಬೇಕು.

ಈ ವಿಧಾನ ಎಲ್ಲರಿಗೂ ಹೊಂದುವುದಿಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮುಟ್ಟು ಒಮ್ಮೆ 24 ದಿನಕ್ಕೆ, ಇನ್ನೊಮ್ಮೆ 45 ದಿನಕ್ಕೆ ಬರುವವರಿಗೆ, ಪಿಸಿಒಡಿ ಇರುವವರಿಗೆ, ಇತ್ತೀಚೆಗೆ ಹೆರಿಗೆಯೋ ಗರ್ಭಪಾತವೋ ಆದವರಿಗೆ ದಿನಗಳ ಲೆಕ್ಕವನ್ನು ನಂಬಲಾಗದು. ಹೃದ್ರೋಗದಂತಹ ಕಾರಣದಿಂದ ಗರ್ಭವೇ ಪ್ರಾಣಾಪಾಯವಾಗಿರುವವರು ಇದೊಂದನ್ನೇ ನೆಚ್ಚಬಾರದು. ಅವರು ವೈದ್ಯರು ಹೇಳುವ ಹೆಚ್ಚು ಖಚಿತವಾದ ಮಾರ್ಗವನ್ನು, ಆಲಿಮರನ್ನೂ ಕೇಳಿ, ಆರಿಸಿಕೊಳ್ಳಬೇಕು. ಮೊಬೈಲಿನಲ್ಲಿ ದಿನ ತೋರಿಸುವ ಆ್ಯಪ್‌ಗಳು ಬಂದಿವೆ. ಹೆಚ್ಚಿನವು ಹಿಂದಿನ ತಿಂಗಳುಗಳನ್ನು ನೋಡಿ ಅಂದಾಜು ಮಾಡುತ್ತವೆ, ಅಷ್ಟೇ. ಇನ್ನೊಂದು ಕಡೆ, ಮದುವೆಯಾಗಿ ವರ್ಷವಾದರೂ ಮಗುವಾಗದ ದಂಪತಿಗಳಿಗೆ ಇದೇ ಲೆಕ್ಕ ತಿರುವುಮುರುವಾಗಿ ಉಪಕಾರಿ. ಆ ಆರು ದಿನಗಳು ಯಾವುವೆಂದು ತಿಳಿಯದೆ, ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದು ಹೋಗುವ ಗಂಡನ ಹೆಂಡತಿಗೆ ಬಂಜೆಯೆಂಬ ಹೆಸರು ಹೊರಿಸುವುದನ್ನು ನಾವು ಕಂಡಿಲ್ಲವೇ?

ನಮ್ಮ ಹುಡುಗಿಯ ನಿಕಾಹ್ ಆಯಿತು. ಶಅಬಾನ್ ತಿಂಗಳಲ್ಲಿ ಒಂದು ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಚಹಾ ಆದ ಮೇಲೆ ಹುಡುಗ ನನ್ನ ಪತಿಯ ಕಡೆ ಮುಖ ಮಾಡಿಕೊಂಡು, ನನಗೆ ಕೇಳಿಸುವಂತೆ ಹೇಳಿದ: "ಭಾಯ್, ಡೈರಿ ಈಗ ನಾನೇ ಬರೆಯುತ್ತೇನೆ. ಇವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದು ಸಂಶಯ. ರಮಝಾನಿನಲ್ಲಿ ಸಹರಿಗೆ ಮೂರೂವರೆ ನಾಲ್ಕಕ್ಕೆ ಏಳುತ್ತೇವೆ, ತರಾವೀಹ್ ಮುಗಿಸಿ ಮಲಗುವುದು ತಡ. ಥರ್ಮಾಮೀಟರ್ ಯಾವಾಗ ಇಡುವುದು?"

ಸಹರಿಗೆ ಏಳುವಾಗ, ಅಡುಗೆಮನೆಗೆ ಹೋಗುವ ಮೊದಲು ಇಡಲಿ, ಆದರೆ ಅದಕ್ಕೆ ಮುಂಚೆ ಮೂರು ಗಂಟೆಯಾದರೂ ಬಿಡದೆ ನಿದ್ರೆ ಆಗಿರಬೇಕು ಎಂದೆ. ನಿದ್ರೆಯ ಹೊತ್ತು ಬದಲಾಗುವ ಆ ತಿಂಗಳ ಅಳತೆಯನ್ನು ಒಂದನ್ನೇ ನಂಬದೆ, ದಿನದ ಲೆಕ್ಕ ಮತ್ತು ಲೋಳೆಯ ಸೂಚನೆ ಎರಡನ್ನೂ ನೋಡಿ, ಯಾವುದು ಹೆಚ್ಚು ದಿನ ಕಾಯಲು ಹೇಳುತ್ತದೆಯೋ ಅದನ್ನು ಹಿಡಿಯಿರಿ ಎಂದೂ ಹೇಳಿದೆ. ಅವನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.